ಟಾರ್ ಬಳಸಿಯೂ ಸಿಕ್ಕಿಬಿದ್ದೆ, ನೀವು ಹೀಗೆ ಮಾಡಿಕೊಳ್ಳಬೇಡಿ

ಮೇಲಧಿಕಾರಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ನಾನು ಕಳಿಸಿದ್ದ ಪಿಡಿಎಫ್. ಅದರ ಮೇಲೊಂದು ಪುಟ್ಟ ಚೌಕ, 'ಡಾಕ್ಯುಮೆಂಟ್ ಪ್ರಾಪರ್ಟೀಸ್'. ಆಥರ್ ಅನ್ನುವ ಸಾಲಿನ ಮುಂದೆ ನನ್ನ ಹೆಸರು, ಒಂದಕ್ಷರ ತಪ್ಪಿಲ್ಲದೆ.

"ಇದು ನೀವೇ ಬರೆದದ್ದಲ್ವಾ?" ಅಂದರು.

ಅದು ಹೆಸರಿಲ್ಲದ ದೂರು. ಗುರುತು ಮರೆಮಾಡಿ ಇಂಟರ್ನೆಟ್ ಬಳಸಲೆಂದೇ ಇರುವ ಟಾರ್ ಬ್ರೌಸರ್ ಹಾಕಿಕೊಂಡು, ಅದರಲ್ಲೇ ಹೊಸ ಇಮೇಲ್ ಖಾತೆ ತೆರೆದು, ಕೊನೆಗೆ 'ಇಂತಿ, ನೊಂದ ಸಿಬ್ಬಂದಿ' ಅಂತ ಮುಗಿಸಿ ಕಳಿಸಿದ್ದೆ. ನಾಲ್ಕೇ ದಿನಕ್ಕೆ ಕರೆ ಬಂತು. ದೂರಿನಲ್ಲಿ ಏನಿತ್ತು, ಆಮೇಲೆ ಏನೇನಾಯಿತು ಅನ್ನುವುದು ಇಲ್ಲಿ ಬೇಡ. ಕೆಲಸ ಉಳಿಯಿತು, ನಿದ್ದೆ ಹೋಯಿತು, ಅಷ್ಟೇ.

ಆ ರಾತ್ರಿ ಟಾರ್‌ಗೆ ಹಿಡಿಶಾಪ ಹಾಕಿದೆ. ಅದರದ್ದೇನೂ ತಪ್ಪಿರಲಿಲ್ಲ ಅಂತ ತಿಳಿಯಲು ಒಂದು ವಾರ ಬೇಕಾಯಿತು. ಟಾರ್ ಮಾಡುವ ಕೆಲಸ ಇಷ್ಟು: ನಿಮ್ಮ ಮಾತನ್ನು ಮೂರು ಪದರ ಗೂಢಲಿಪಿಯಲ್ಲಿ ಸುತ್ತಿ, ಮೂರು ಬೇರೆ ಬೇರೆ ಸರ್ವರ್‌ಗಳ ಮೂಲಕ ದಾಟಿಸುತ್ತದೆ. ಒಂದೊಂದು ಕಡೆ ಒಂದೊಂದು ಪದರ ಬಿಚ್ಚಿಕೊಳ್ಳುತ್ತದೆ, ಈರುಳ್ಳಿ ಸುಲಿದ ಹಾಗೆ. ಮೊದಲ ಸರ್ವರ್‌ಗೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರೆಂದು ಗೊತ್ತಿಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಈ ಉಪಾಯ ದಾರಿಯನ್ನು ಮರೆಮಾಡುತ್ತದೆ. ಲಕೋಟೆಯ ಒಳಗೆ ನೀವೇ ವಿಸಿಟಿಂಗ್ ಕಾರ್ಡ್ ಇಟ್ಟಿದ್ದರೆ ಅದೇನು ಮಾಡೀತು?

ನಾನು ಇಟ್ಟಿದ್ದೆ. ಲ್ಯಾಪ್‌ಟಾಪ್ ಕೊಂಡ ದಿನ ಹೆಸರು ಕೇಳಿತ್ತು, ಕೊಟ್ಟಿದ್ದೆ. ಅಂದಿನಿಂದ ಬರವಣಿಗೆಯ ತಂತ್ರಾಂಶ ನಾನು ಮಾಡಿದ ಪ್ರತಿ ಕಡತಕ್ಕೂ ಸದ್ದಿಲ್ಲದೆ ಆ ಹೆಸರನ್ನು ಅಂಟಿಸುತ್ತಿತ್ತು. ಪಿಡಿಎಫ್ ಮಾಡಿದಾಗ ಅದೂ ಜೊತೆಗೇ ಹೋಯಿತು, ಕಡತ ಹುಟ್ಟಿದ ದಿನಾಂಕ, ಗಂಟೆ, ನಿಮಿಷದ ಸಮೇತ. ಫೋಟೋ ಕಳಿಸುವವರಿಗೂ ಇದೇ ಗತಿ: ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಚಿತ್ರದ ಹೊಟ್ಟೆಯಲ್ಲಿ ಅಕ್ಷಾಂಶ ರೇಖಾಂಶ ಕೂಡ ಕೂತಿರಬಹುದು. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ನೀವು ಅಪ್‌ಲೋಡ್ ಮಾಡುವ ಕಡತದೊಳಗೆ ಕೈಹಾಕಿ ಇದನ್ನು ಅಳಿಸುವ ಕೆಲಸವನ್ನು ಟಾರ್ ಬ್ರೌಸರ್ ಮಾಡುವುದಿಲ್ಲ.

ಇದೊಂದೇ ಆಗಿದ್ದರೆ ಗ್ರಹಚಾರ ಅಂದುಕೊಳ್ಳುತ್ತಿದ್ದೆ. ಹಿಂದಿರುಗಿ ನೋಡಿದರೆ ಹೆಜ್ಜೆಹೆಜ್ಜೆಗೂ ಎಡವಿದ್ದೆ.

ಕಳಿಸಿದ್ದು ಕಚೇರಿಯ ವೈಫೈನಿಂದ! ಟಾರ್‌ನಲ್ಲಿ ನೀವೇನು ನೋಡುತ್ತೀರಿ ಅಂತ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಕಾಣದು, ಆದರೆ ಟಾರ್ ಬಳಸುತ್ತಿದ್ದೀರಿ ಅನ್ನುವುದು ಮಾಮೂಲಿ ಸಂಪರ್ಕದಲ್ಲಿ ಕಾಣುತ್ತದೆ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್‌ನ ಒಬ್ಬ ವಿದ್ಯಾರ್ಥಿ ಪರೀಕ್ಷೆ ತಪ್ಪಿಸಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿದ. ಟಾರನ್ನು ಯಾರೂ ಭೇದಿಸಲಿಲ್ಲ. ಬೆದರಿಕೆ ಬರುವ ಮುಂಚಿನ ಗಂಟೆಗಳಲ್ಲಿ ವಿಶ್ವವಿದ್ಯಾಲಯದ ವೈಫೈನಿಂದ ಟಾರ್ ಬಳಸಿದವರು ಯಾರು ಅಂತ ಹುಡುಕಿದರು, ಅವನ ಬಾಗಿಲಿಗೆ ಬಂದರು. ನೂರು ಜನರ ಕಚೇರಿಯಲ್ಲಿ ಟಾರ್ ಬಳಸುವವನು ನಾನೊಬ್ಬನೇ ಆಗಿದ್ದರೆ ಲೆಕ್ಕ ಇನ್ನೂ ಸುಲಭ.

ಇನ್ನೊಂದು, ಬ್ರೌಸರನ್ನು 'ಸುಧಾರಿಸಿದ್ದು'. ಪುಟದ ಸುತ್ತ ಬೂದು ಬಣ್ಣದ ಅಂಚು ಬರುತ್ತಿತ್ತು. ಏನೋ ದೋಷ ಇರಬೇಕು ಅಂತ ಬ್ರೌಸರಿನ ಒಳಗಿನ ಸೆಟ್ಟಿಂಗ್ ಪುಟವಾದ ಅಬೌಟ್ ಕಾನ್ಫಿಗ್‌ಗೆ ಹೋಗಿ ತೆಗೆದುಹಾಕಿದೆ, ಆಮೇಲೆ ಜಾಣನ ಹಾಗೆ ಬೀಗಿದೆ ಕೂಡ. ಆ ಅಂಚು ಬೇಕೆಂದೇ ಇಟ್ಟಿದ್ದು, ಲೆಟರ್‌ಬಾಕ್ಸಿಂಗ್ ಅಂತ ಹೆಸರು. ನಿಮ್ಮ ಕಿಟಕಿಯ ಸರಿಯಾದ ಅಳತೆ ಜಾಲತಾಣಕ್ಕೆ ತಿಳಿಯದಂತೆ ದುಂಡು ಸಂಖ್ಯೆಗೆ ಇಳಿಸಿ, ಎಲ್ಲರೂ ಒಂದೇ ಥರ ಕಾಣುವ ಹಾಗೆ ಮಾಡುತ್ತದೆ. ಪರದೆಯ ಅಳತೆ, ಫಾಂಟುಗಳು, ಪ್ಲಗಿನ್‌ಗಳು ಇವೆಲ್ಲ ಕೂಡಿ ಬೆರಳಿನ ಗುರುತಿನಂತಾಗುತ್ತವೆ. 2010ರಲ್ಲಿ ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಪರೀಕ್ಷಿಸಿದಾಗ, ತನ್ನ ಪರೀಕ್ಷಾ ತಾಣಕ್ಕೆ ಬಂದ ಬ್ರೌಸರುಗಳಲ್ಲಿ ಶೇಕಡ 84ರಷ್ಟಕ್ಕೆ ಇಂಥ ಒಂಟಿ ಗುರುತು ಸಿಕ್ಕಿತ್ತು. ನಾನಂತೂ ಜಾಹೀರಾತು ತಡೆಯುವುದು, ಪುಟ ಕಪ್ಪಾಗಿಸುವುದು ಅಂತ ಎರಡು ಎಕ್ಸ್‌ಟೆನ್ಷನ್ ಬೇರೆ ಸೇರಿಸಿದ್ದೆ. ಗುಂಪಿನಲ್ಲಿ ಅಡಗಬೇಕಾದವನು ತಲೆಗೆ ಕೆಂಪು ಪೇಟ ಸುತ್ತಿಕೊಂಡ ಹಾಗೆ.

ಅದೇ ಹೊತ್ತಿನಲ್ಲಿ ಪಕ್ಕದ ಟ್ಯಾಬಿನಲ್ಲಿ ನನ್ನ ಸ್ವಂತ ಇಮೇಲ್ ತೆರೆದದ್ದನ್ನು ಹೇಳಲೂ ನಾಚಿಕೆ. ಲಾಗಿನ್ ಆದ ಮೇಲೆ ಆ ತಾಣಕ್ಕೆ ನೀವು ಅನಾಮಿಕರಲ್ಲ, ಎಷ್ಟು ಸರ್ವರ್ ಸುತ್ತಿ ಬಂದರೂ.

ಒಂದು ವಿಷಯದಲ್ಲಿ ಮಾತ್ರ ಬಚಾವಾದೆ: ನನ್ನ ಇಮೇಲ್ ತಾಣ ಎಚ್‌ಟಿಟಿಪಿಎಸ್ ಆಗಿತ್ತು, ಅಂದರೆ ಬ್ರೌಸರಿನಿಂದ ತಾಣದವರೆಗೂ ಮಾತು ಗೂಢಲಿಪಿಯಲ್ಲೇ ಹೋಗುವಂಥದ್ದು. ಕೊನೆಯ ಸರ್ವರ್, ಅಂದರೆ ಎಕ್ಸಿಟ್ ನೋಡ್, ಯಾರು ಬೇಕಾದರೂ ನಡೆಸಬಹುದು. ತಾಣ ಎಚ್‌ಟಿಟಿಪಿಎಸ್ ಅಲ್ಲದಿದ್ದರೆ ಅವರು ಎಲ್ಲವನ್ನೂ ಓದಬಲ್ಲರು. 2007ರಲ್ಲಿ ಸ್ವೀಡನ್ನಿನ ಒಬ್ಬ ಭದ್ರತಾ ಸಂಶೋಧಕ ಇಂಥ ನೋಡ್‌ಗಳನ್ನು ನಡೆಸಿಯೇ ಹಲವು ರಾಯಭಾರ ಕಚೇರಿಗಳ ಇಮೇಲ್ ಪಾಸ್‌ವರ್ಡ್ ಹಿಡಿದು ತೋರಿಸಿದ್ದ. ಈಗಿನ ಟಾರ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ತಾಣ ತೆರೆಯುವ ಮುಂಚೆ ತಡೆದು ಕೇಳುತ್ತದೆ. ಕೇಳಿದಾಗ ಕಣ್ಣುಮುಚ್ಚಿ 'ಮುಂದುವರಿ' ಒತ್ತಬೇಡಿ.

ಈಗ ನಾನು ಬ್ರೌಸರ್ ಹೇಗೆ ಬಂತೋ ಹಾಗೇ ಬಿಡುತ್ತೇನೆ, ಭದ್ರತಾ ಮಟ್ಟವನ್ನು, ಜಾಲತಾಣಗಳ ಕೆಲವು ಸೌಲಭ್ಯಗಳನ್ನು ನಿಲ್ಲಿಸುವ 'ಸೇಫರ್'ಗೆ ಏರಿಸುವುದೊಂದು ಬಿಟ್ಟು. ಕೆಲವು ಪುಟ ಕೆಡುತ್ತವೆ, ಕೆಡಲಿ. ಟಾರ್‌ನಿಂದ ಇಳಿಸಿಕೊಂಡ ಕಡತವನ್ನು ಇಂಟರ್ನೆಟ್ ಕಡಿದೇ ತೆರೆಯುತ್ತೇನೆ, ಯಾಕೆಂದರೆ ಕೆಲವು ಕಡತಗಳು ತೆರೆದ ಕೂಡಲೇ ಟಾರ್‌ನ ಹೊರಗಿನಿಂದ ಏನನ್ನಾದರೂ ತರಿಸಿಕೊಂಡು ನಿಮ್ಮ ನಿಜವಾದ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಬಿಟ್ಟುಕೊಡುತ್ತವೆ. ಪತ್ರವನ್ನು ಪಿಡಿಎಫ್ ಮಾಡದೆ ನೇರವಾಗಿ ಇಮೇಲಿನಲ್ಲೇ ಬರೆಯುತ್ತೇನೆ. ಕಡತವೇ ಬೇಕೆಂದಾದರೆ ಟೇಲ್ಸ್ ಇದೆ: ಪೆನ್‌ಡ್ರೈವಿನಿಂದ ಓಡುವ ಆಪರೇಟಿಂಗ್ ಸಿಸ್ಟಮ್, ಎಲ್ಲವೂ ಟಾರ್ ಮೂಲಕವೇ ಹೋಗುತ್ತದೆ, ಮೆಟಾಡೇಟಾ ಒರೆಸುವ ಸಲಕರಣೆಯೂ ಒಳಗೇ ಇದೆ.

ಬರವಣಿಗೆಯ ಶೈಲಿಯನ್ನು ಒರೆಸುವ ಸಲಕರಣೆ ಮಾತ್ರ ಅದರಲ್ಲಿಲ್ಲ. ಅಂದು ನಾನು ಕೋಣೆಯಿಂದ ಹೊರಡುವಾಗ ಮೇಲಧಿಕಾರಿಯೇ ಹೇಳಿದರು: "ಹೆಸರು ನೋಡೋಕೆ ಮುಂಚೆನೇ ಅನುಮಾನ ಇತ್ತು. ಒಂದೇ ಪುಟದಲ್ಲಿ ಏಳು ಸಲ 'ಸದರಿ' ಅಂತ ಬರೆಯೋರು ನಮ್ಮಲ್ಲಿ ಇನ್ಯಾರಿದ್ದಾರೆ?"