ಎಂಜಿನ್ ಬದಲಿಸಿದ ಹಳೆ ಕಾರಿಗೆ ವಾಲ್‌ಬ್ರೋ 255: ಪಂಪು ಸರಿ, ಪೈಪು?

ಕಾರ್ಬ್ಯುರೇಟರ್ ಇದ್ದ ಕಾರಿಗೆ ಇಂಜೆಕ್ಷನ್ ಎಂಜಿನ್ ಕೂರಿಸಿದರೆ ಹಳೆಯ ಇಂಧನ ಪಂಪಿಗೆ ಅಲ್ಲಿ ಕೆಲಸವಿಲ್ಲ. ಎಂಜಿನ್ ಬ್ಲಾಕಿಗೆ ಅಂಟಿಕೊಂಡಿದ್ದ ಡಯಾಫ್ರಾಮ್ ಪಂಪು ಕೊಡುತ್ತಿದ್ದುದು 4–6 ಪಿಎಸ್‌ಐ ಒತ್ತಡ. ಹೊಸ ಎಂಜಿನ್ ಕೇಳುವುದು ಸಾಮಾನ್ಯವಾಗಿ 3 ಬಾರ್, ಅಂದರೆ 43 ಪಿಎಸ್‌ಐ ಆಸುಪಾಸು. ಆಗ ಹೆಚ್ಚಿನವರ ಬಾಯಿಗೆ ಬರುವ ಹೆಸರು ವಾಲ್‌ಬ್ರೋ 255, ಪಾರ್ಟ್ ನಂಬರ್ ಜಿಎಸ್‌ಎಸ್ 342. ಪಂಪು ಗಟ್ಟಿಯೇ. ಟ್ಯಾಂಕಿನೊಳಗೆ ಕೂರುವ ತೆಳ್ಳಗಿನ ಮೈ, 3 ಬಾರ್‌ನಲ್ಲಿ ಗಂಟೆಗೆ 255 ಲೀಟರ್‌ಗೆ ಹತ್ತಿರದ ಹರಿವು. ಆದರೆ ಕಂಡಕಂಡ ಕಾರಿಗೆಲ್ಲ ಇದನ್ನೇ ಹಾಕುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ಲೆಕ್ಕ ಹಾಕಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ತಿ ಲೋಡಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 227 ಗ್ರಾಂ ಕುಡಿಯುತ್ತದೆ. 150 ಎಚ್‌ಪಿಗೆ 34 ಕೆಜಿ, ಅಂದರೆ 46 ಲೀಟರ್. ಶೇ 30ರಷ್ಟು ಹೆಚ್ಚುವರಿ ಇಟ್ಟುಕೊಂಡರೂ 60 ಲೀಟರ್ ಸಾಕು. ಟರ್ಬೊ ಇದ್ದರೆ 227ರ ಜಾಗದಲ್ಲಿ 270 ಹಿಡಿಯಿರಿ. ಜೊತೆಗೆ, 1 ಬಾರ್ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬಂದಾಗ, ಪೆಟ್ರೋಲಿನ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಅದನ್ನು 4 ಬಾರ್‌ಗೆ ಏರಿಸುತ್ತದೆ. ಆಗ ಪಂಪಿನ ಹರಿವು ತಗ್ಗುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಅಂಕಿ ನಂಬಬೇಡಿ, 4 ಬಾರ್‌ಗೆ ಎಷ್ಟು ಹರಿವು ಎಂದು ಪಂಪಿನ ಚಾರ್ಟಿನಲ್ಲೇ ನೋಡಿ.

ದೊಡ್ಡ ಪಂಪಿದ್ದರೆ ನಷ್ಟವೇನು ಎನ್ನುವವರು ಐಡ್ಲಿಂಗ್‌ನಲ್ಲಿ ಗೇಜ್ ಹಾಕಿ ನೋಡಬೇಕು. ಎಂಜಿನ್ ಆಗ ಸುಡುವುದು ಗಂಟೆಗೆ ಒಂದೆರಡು ಲೀಟರ್. ಉಳಿದದ್ದೆಲ್ಲ, ಅಂದರೆ ನಿಮಿಷಕ್ಕೆ 4 ಲೀಟರ್‌ಗೂ ಹೆಚ್ಚು, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ಸು ಹೋಗಬೇಕು. ಎಷ್ಟೋ ಹಳೆಯ ಕಾರುಗಳಲ್ಲಿ ರಿಟರ್ನ್ ಪೈಪು ಇರುವುದೇ ಇಲ್ಲ. ಇದ್ದರೂ ಆವಿ ಮತ್ತು ಚೂರುಪಾರು ಪೆಟ್ರೋಲ್ ವಾಪಸ್ಸು ಕಳಿಸಲು ಇಟ್ಟ ಸಣ್ಣ ಪೈಪು ಅದು. ಹಿಂದೆ ಒತ್ತಡ ಕಟ್ಟಿಕೊಂಡು, 3 ಬಾರ್‌ಗೆ ಸೆಟ್ ಮಾಡಿದ ರೆಗ್ಯುಲೇಟರ್ 4 ತೋರಿಸುತ್ತದೆ. ಎಂಜಿನ್ ರಿಚ್ ಓಡುತ್ತದೆ (ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ), ಪ್ಲಗ್ ಕಪ್ಪಾಗುತ್ತದೆ, ಪಾಪ ರೆಗ್ಯುಲೇಟರಿನ ಮೇಲೆ ಅಪವಾದ. ಹೊಸದು ಕೊಳ್ಳುವ ಮೊದಲು ರಿಟರ್ನ್ ಹೋಸನ್ನು ರೆಗ್ಯುಲೇಟರಿನಿಂದ ಬಿಚ್ಚಿ, ಅಲ್ಲಿಗೆ ಬೇರೆ ದಪ್ಪ ಹೋಸ್ ಸಿಕ್ಕಿಸಿ ಕ್ಯಾನಿಗೆ ಬಿಡಿ. ಒತ್ತಡ ಇಳಿಯಿತೇ? ತಪ್ಪು ಪೈಪಿನದು. 8 ಮಿಮೀ ಒಳವ್ಯಾಸದ ರಿಟರ್ನ್ ಎಳೆಯದೆ ಈ ಪಂಪು ಹಾಕಬೇಡಿ. ಇಷ್ಟೊಂದು ಪೆಟ್ರೋಲ್ ಸುತ್ತುತ್ತಲೇ ಇದ್ದರೆ ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಅದು ಬಿಸಿಯಾಗಿ ಗುಳ್ಳೆ ಏಳುವುದೂ ಉಂಟು.

ವೈರಿಂಗ್ ಎರಡನೇ ತಲೆನೋವು. 10 ಆಂಪಿಯರ್ ಎಳೆಯುತ್ತದೆಂದು ಲೆಕ್ಕ ಹಿಡಿದೇ ಕೆಲಸ ಶುರುಮಾಡಿ. ಇಗ್ನಿಷನ್ ಸ್ವಿಚ್ಚಿನಿಂದ ಬರುವ ಹಳೆಯ ವೈರಿಗೆ ಜೋಡಿಸಿದರೆ, ಹೆಡ್‌ಲೈಟ್ ಹಾಕಿದಾಗ ಪಂಪಿನ ಬಾಯಲ್ಲಿ 11 ವೋಲ್ಟ್ ಮಾತ್ರ ಉಳಿಯಬಹುದು. ವೋಲ್ಟೇಜ್ ಇಳಿದರೆ ಹರಿವೂ ಇಳಿಯುತ್ತದೆ. ಬ್ಯಾಟರಿಯಿಂದ ನೇರ 4 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್, ಮಧ್ಯೆ ರಿಲೇ. ಅರ್ತ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ. ಪಂಪು ಓಡುತ್ತಿರುವಾಗಲೇ ಬ್ಯಾಟರಿಗೂ ಪಂಪಿಗೂ ವ್ಯತ್ಯಾಸ ಅಳೆಯಿರಿ. ಅರ್ಧ ವೋಲ್ಟ್ ದಾಟಬಾರದು. ರಿಲೇಯನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಡೆಸಬೇಕು, ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಡ್ಯಾಶ್‌ಬೋರ್ಡಿನ ಟಾಗಲ್ ಸ್ವಿಚ್ಚಿಗೆ ಕೊಟ್ಟರೆ, ಅಪಘಾತದಲ್ಲಿ ಒಡೆದ ಪೈಪಿಗೂ ಅದು ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ.

ಈ ಪಂಪಿನ ನಕಲಿ ಬಹಳ. ಡಬ್ಬಿ ನೋಡಿ ಹೇಳಲಾಗದು, ಹರಿವು ಅಳೆಯಬೇಕು. ಒತ್ತಡವನ್ನು 3 ಬಾರ್‌ನಲ್ಲಿ ಹಿಡಿದಿಟ್ಟು, ಇಂಜೆಕ್ಟರ್ ಬಂದ್ ಇರುವಾಗ ರಿಟರ್ನನ್ನು 30 ಸೆಕೆಂಡ್ ಅಳತೆಯ ಕ್ಯಾನಿಗೆ ಹರಿಸಿ. ಬಂದದ್ದನ್ನು 120ರಿಂದ ಗುಣಿಸಿದರೆ ಗಂಟೆಯ ಲೆಕ್ಕ. 2 ಲೀಟರ್ ಸುತ್ತಮುತ್ತ ಬರಬೇಕು. ಬರೀ ಒಂದೂವರೆ ಬಂದರೆ ಮೊದಲು ವೋಲ್ಟೇಜ್, ಆಮೇಲೆ ಫಿಲ್ಟರ್, ಕೊನೆಗೆ ಪಂಪಿನ ಮೇಲೆ ಅನುಮಾನ.

ಸದ್ದು ಇದ್ದೇ ಇದೆ. ಕುಂಯ್ಯೆನ್ನುವ ಸಣ್ಣ ರಾಗ ಹಿಂದಿನ ಸೀಟಿಗೆ ಕೇಳುತ್ತದೆ; ರಬ್ಬರ್ ತೋಳು ತೊಡಿಸಿದರೆ ತಗ್ಗುತ್ತದೆ, ಹೋಗುವುದಿಲ್ಲ. ಸದ್ದು ದಿಢೀರನೆ ಏರಿದರೆ ಮಾತ್ರ ಪಂಪಿಗೆ ಪೆಟ್ರೋಲ್ ಸಾಲುತ್ತಿಲ್ಲವೆಂದು ತಿಳಿಯಿರಿ: ಜಾಲರಿ ಕಟ್ಟಿರುತ್ತದೆ, ಇಲ್ಲವೇ ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಗಾಳಿ ಎಳೆಯುತ್ತಿರುತ್ತದೆ. ಹಳೆಯ ಟ್ಯಾಂಕಿನಲ್ಲಿ ತಡೆಗೋಡೆ ಇಲ್ಲದಿದ್ದರೆ ಹೊರಗೆ 1–2 ಲೀಟರಿನ ಸರ್ಜ್ ಟ್ಯಾಂಕ್ (ಸದಾ ತುಂಬಿರುವ ಪುಟ್ಟ ಟ್ಯಾಂಕ್) ಇಡುವುದೇ ದಾರಿ.

250 ಎಚ್‌ಪಿಗಿಂತ ಮೇಲೆ ಅಥವಾ ಟರ್ಬೊ ಇದ್ದರೆ, ಚಾರ್ಟಿನ ಲೆಕ್ಕ ಕೂಡಿಬಂದರೆ, ಈ ಪಂಪನ್ನು ಕೊಳ್ಳಬಹುದು. ಅದಕ್ಕಿಂತ ಕೆಳಗಿದ್ದರೆ ಎಂಜಿನ್ ಕೊಟ್ಟ ಕಾರಿನದೇ ಪಂಪು ಹೊಸದಾಗಿ ತಂದು ಹಾಕಿ. ಸದ್ದೂ ಕಡಿಮೆ, ರಿಟರ್ನಿನ ಕಾಟವೂ ಕಡಿಮೆ. ಯಾವುದನ್ನೇ ಹಾಕಿ, ಟ್ಯಾಂಕಿನೊಳಗಿನ ಹೋಸಿನ ಮೇಲೆ ಜೆ30ಆರ್10 ಎಂಬ ಅಚ್ಚು ಇರಲಿ. ಆರ್9 ಹೋಸು ಹೊರಗಡೆಗೆ ಮಾತ್ರ. ಪೆಟ್ರೋಲಿನಲ್ಲಿ ಮುಳುಗಿದರೆ ಅದು ಹೊರಗಿನಿಂದ ಉಬ್ಬಿ ಸೀಳುತ್ತದೆ, ಒತ್ತಡ ಟ್ಯಾಂಕಿನೊಳಗೇ ಸೋರಿಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ.