ಮೊದಲನೇ ಡಬ್ಬಿ ನಂಬಿ ಐದು ಡಬ್ಬಿ ತರಿಸಬೇಡಿ: ಅಗ್ಗದ ಕಾರ್ಬೈಡ್ ಇನ್ಸರ್ಟ್ ಕೊಂಡು ನಾನು ಪೆದ್ದನಾದದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಉಳಿದರ್ಧ ಮಾರಿದ ಅಂಗಡಿಯವರದ್ದು, ಆದರೆ ಆ ಅರ್ಧ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮನೆಯಲ್ಲಿ ಲೋಹದ ರಾಡ್ ತಿರುಗಿಸಿ ಕೆತ್ತುವ ಚಿಕ್ಕ ಲೇತ್ ಇಟ್ಟುಕೊಂಡವರಿಗೆ ಈ ವ್ಯವಹಾರ ಗೊತ್ತೇ ಇರುತ್ತದೆ. ಇನ್ಸರ್ಟ್ ಅಂದರೆ ಲೇತ್ ಟೂಲಿನ ತುದಿಗೆ ಸ್ಕ್ರೂ ಹಾಕಿ ಕೂರಿಸುವ, ಲೋಹ ಕತ್ತರಿಸುವ ಚಿಕ್ಕ ಕಾರ್ಬೈಡ್ ತುಂಡು. ಹೆಸರಿರುವ ಕಂಪನಿಯ ಒಂದೆರಡು ಇನ್ಸರ್ಟ್ ಬೆಲೆಗೆ ಹತ್ತರ ಡಬ್ಬಿಯೇ ಬರುತ್ತದೆ. ಬಂಗಾರದ ಬಣ್ಣ, ಪ್ಲಾಸ್ಟಿಕ್ ಡಬ್ಬಿ, ಮೇಲೊಂದು ಲೇಬಲ್. ನಾನೂ ಒಂದು ತರಿಸಿದೆ. ಸಿಸಿಎಂಟಿ 060204 (ಇನ್ಸರ್ಟಿನ ಆಕಾರ, ಅಳತೆ ಹೇಳುವ ಸಂಕೇತ), ನಮ್ಮಂಥವರು ಹೆಚ್ಚಾಗಿ ಹಾಕುವ ಅದೇ ಸೈಜು. ಮೊದಲನೇ ಡಬ್ಬಿ ಚೆನ್ನಾಗಿತ್ತು. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಚೆನ್ನಾಗಿತ್ತು. ಚಿಪ್ಪು, ಅಂದರೆ ಕಟ್ ಆಗಿ ಬರುವ ಲೋಹದ ಸಿಬರು, 6, 9 ಅಂಕಿಯ ಹಾಗೆ ಸುತ್ತಿಕೊಂಡು ಮುರಿದು ಬೀಳುತ್ತಿತ್ತು, ಮೈ ನುಣುಪಾಗಿ ಬರುತ್ತಿತ್ತು. ಖುಷಿಯಲ್ಲಿ ಐದು ಸ್ಟಾರ್ ಕೊಟ್ಟು, ಕೈಯಲ್ಲಿ ಆ ಚಿಪ್ಪು ಹಿಡಿದು ಫೋಟೋ ತೆಗೆದು ಹಾಕಿ, ‘ದುಬಾರಿ ಇನ್ಸರ್ಟ್ ಕೊಳ್ಳುವವರು ದುಡ್ಡು ದಂಡ ಮಾಡುತ್ತಿದ್ದಾರೆ’ ಅಂತ ಬೇರೆ ಬರೆದೆ. ಇದನ್ನು ಬರೆದದ್ದು ನಾನೇ ಅಂತ ಒಪ್ಪಿಕೊಳ್ಳೋಕೆ ಈಗ ನಾಚಿಕೆ ಆಗುತ್ತದೆ. ಅದನ್ನು ಓದಿ ಯಾರಾದರೂ ಕೊಂಡಿದ್ದರೆ ಕ್ಷಮಿಸಿ.

ಆಮೇಲೆ ಒಟ್ಟಿಗೆ ಐದು ಡಬ್ಬಿ ತರಿಸಿದೆ. ಐವತ್ತು ಇನ್ಸರ್ಟ್. ಅದೇ ಅಂಗಡಿ, ಅದೇ ಲೇಬಲ್, ಅದೇ ಬಂಗಾರದ ಬಣ್ಣ.

ಹಾಕಿದ ಮೊದಲ ದಿನವೇ ಲೇತ್ ಕಿರುಚೋಕೆ ಶುರು. 25 ಮಿಲಿಮೀಟರ್ ಮೈಲ್ಡ್ ಸ್ಟೀಲ್ ರಾಡ್, 1200 ಆರ್‌ಪಿಎಂ, ಅರ್ಧ ಮಿಲಿಮೀಟರ್ ಕಟ್. ಏನೂ ದೊಡ್ಡ ಕೆಲಸ ಅಲ್ಲ. ರಾಡ್ ಮೈ ಮೇಲೆ ಮೀನಿನ ಹುರುಪೆಯ ಹಾಗೆ ಗೆರೆ. ನಾನೇನು ಮಾಡಿದೆ ಗೊತ್ತಾ? ಲೇತನ್ನು ಬೈದೆ. ಟೂಲ್ ಹಿಂದೆ ಮುಂದೆ ಸರಿಸುವ ಕ್ರಾಸ್ ಸ್ಲೈಡ್ ಅಲ್ಲಾಡದ ಹಾಗೆ ಅದರ ಗಿಬ್ ಪಟ್ಟಿ ಬಿಗಿ ಮಾಡಿದೆ. ಟೂಲ್ ಹೊರಗೆ ಚಾಚಿದ್ದನ್ನು ಒಳಗೆ ತಳ್ಳಿದೆ. ಸೆಂಟರ್ ಹೈಟ್, ಅಂದರೆ ಟೂಲಿನ ತುದಿ ರಾಡಿನ ನಡುಮಟ್ಟಕ್ಕೆ ಇದೆಯಾ ಅಂತ, ಮೂರು ಸಲ ನೋಡಿದೆ. ಕೊನೆಗೆ ಸ್ಪಿಂಡಲ್ ಬೇರಿಂಗ್ ಹೋಗಿದೆ ಅಂದುಕೊಂಡು ಹೆಡ್‌ಸ್ಟಾಕನ್ನೇ ಬಿಚ್ಚಿದೆ. ಬೇರಿಂಗಿಗೆ ಏನೂ ಆಗಿರಲಿಲ್ಲ. ಮತ್ತೆ ಜೋಡಿಸಿದೆ, ಮತ್ತೆ ಅದೇ ಕಿರುಚಾಟ. ಎರಡು ವಾರದ ರಜೆಯೆಲ್ಲ ಹೀಗೇ ಹೋಯಿತು. ಇನ್ಸರ್ಟ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಐದು ಸ್ಟಾರ್ ಕೊಟ್ಟವನಿಗೆ ಅನುಮಾನ ಹೇಗೆ ಬರಬೇಕು ಹೇಳಿ.

ಒಂದು ಸಂಜೆ ಡ್ರಾಯರ್ ಗುಡಿಸುವಾಗ ಮೊದಲನೇ ಡಬ್ಬಿಯ ಒಂದು ಹಳೇ ಇನ್ಸರ್ಟ್ ಸಿಕ್ಕಿತು. ಒಂದು ಮೂಲೆ ಸವೆದಿತ್ತು, ಇನ್ನೊಂದು ಹಾಗೇ ಇತ್ತು. ಸುಮ್ನೆ ಹಾಕಿ ನೋಡಿದೆ. ಅದೇ ಹೋಲ್ಡರ್, ಅದೇ ರಾಡ್, ಅದೇ ಸ್ಪೀಡು, ಅದೇ ಕಟ್. ಸದ್ದೇ ಇಲ್ಲ. ಸದ್ದೇ ಇಲ್ಲ ಅಂದರೆ, ಮೋಟಾರಿನ ಗುಂಯ್ ಬಿಟ್ಟರೆ ಚಿಪ್ಪು ಟ್ರೇಗೆ ಬೀಳುವ ಟಿಕ್ ಟಿಕ್ ಅಷ್ಟೇ. ಲೇತ್ ಆಫ್ ಮಾಡಿ ಅಲ್ಲೇ ಸ್ಟೂಲ್ ಮೇಲೆ ಕೂತೆ. ಎರಡು ವಾರ ಯಾವ ಮೆಷಿನ್ನಿಗೆ ಬೈದೆನೋ ಅದರ ಕಾಲು ಹಿಡಿಯಬೇಕು ಅನ್ನಿಸಿತು.

ಆಮೇಲೆ ಭೂತಗನ್ನಡಿ ತೆಗೆದೆ. ಅದನ್ನು ಮೊದಲ ದಿನವೇ ತೆಗೆಯಬೇಕಿತ್ತು. ಒಂದೇ ಡಬ್ಬಿಯಲ್ಲಿ ಎರಡು ಥರದ ಚಿಪ್‌ಬ್ರೇಕರ್ (ಚಿಪ್ಪು ಮುರಿಯೋಕೆ ಇನ್ಸರ್ಟ್ ಮೇಲೆ ಮಾಡಿದ ಉಬ್ಬುತಗ್ಗು)! ಒಂದರ ಮೇಲೆ ಉದ್ದ ಗುಳಿ, ಇನ್ನೊಂದರ ಮೇಲೆ ಚುಕ್ಕಿ ಚುಕ್ಕಿ. ರೇಡಿಯಸ್ ಗೇಜ್ ಹಿಡಿದರೆ ಹತ್ತರಲ್ಲಿ ನಾಲ್ಕರ ಮೂತಿಯ, ಅಂದರೆ ಕತ್ತರಿಸುವ ದುಂಡು ಮೂಲೆಯ, ರೇಡಿಯಸ್ 0.8 ಮಿಲಿಮೀಟರ್. ಲೇಬಲ್ಲಿನಲ್ಲಿ ಕೊನೆಯ 04 ಅಂದರೆ 0.4 ಮಿಲಿಮೀಟರ್ ಅಂತ ಅಲ್ವಾ? ನಾನು ಕೊಡುವ ಕಟ್ಟೇ ಅರ್ಧ ಮಿಲಿಮೀಟರ್. ಮೂತಿಯ ರೇಡಿಯಸ್ಸಿಗಿಂತ ಕಟ್ ಕಡಿಮೆಯಾದರೆ ಒತ್ತಡದಲ್ಲಿ ಜಾಸ್ತಿ ಪಾಲು ರಾಡನ್ನು ಅಡ್ಡಕ್ಕೆ ತಳ್ಳೋಕೇ ಹೋಗುತ್ತದೆ. ದೊಡ್ಡ ಮೆಷಿನ್ನು ಅದನ್ನು ತಡೆದುಕೊಳ್ಳುತ್ತದೆ. ನಮ್ಮ ಟೇಬಲ್ ಮೇಲಿನ ಲೇತ್ ನಡುಗುತ್ತದೆ, ಕಿರುಚುತ್ತದೆ.

ಹಾಗಾದರೆ 0.4 ಇದ್ದವು ಸರಿ ಇದ್ದವಾ? ಅದೂ ಇಲ್ಲ. ಕೆಲವದರ ಅಂಚು ಡಬ್ಬಿಯಿಂದ ತೆಗೆಯುವಾಗಲೇ ಇಲಿ ಕಡಿದ ಹಾಗಿತ್ತು, ಆ ಮುಕ್ಕಿನ ಮೇಲೇ ಕೋಟಿಂಗ್ ಬಳಿದಿದ್ದಾರೆ. ಅಂದರೆ ಮುಕ್ಕಾದದ್ದು ದಾರಿಯಲ್ಲಿ ಅಲ್ಲ, ಕೋಟಿಂಗಿಗೆ ಮೊದಲೇ. ಇನ್ನು ಕೆಲವದರ ಕೆಳಗಡೆ ಅಚ್ಚಿನ ಅಂಚು ಹಾಗೇ ಉಳಿದಿದೆ. ಗಾಜಿನ ಮೇಲೆ ಇಟ್ಟು ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತದೆ. ಹೋಲ್ಡರಿನ ಸೀಟಿಗೆ ಮಾರ್ಕರ್ ಬಳಿದು ಇನ್ಸರ್ಟ್ ಬಿಗಿದು ತೆಗೆದು ನೋಡಿದೆ, ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಹತ್ತಿತ್ತು. ಕಾರ್ಬೈಡ್ ಗಡುಸು, ಆದರೆ ಗಾಜಿನ ಥರ. ಕೆಳಗೆ ಪೂರ್ತಿ ಆಸರೆ ಇಲ್ಲದಿದ್ದರೆ ಮೂತಿ ಮುರಿಯದೆ ಇನ್ನೇನಾಗುತ್ತದೆ?

ಅಂಗಡಿಯವರಿಗೆ ದೂರು ಬರೆದೆ. ಈಗ ಅವರ ಉತ್ತರಗಳಿಗೆ ಬರುತ್ತೇನೆ. ಇದನ್ನು ಬರೆಯೋಕೆ ಕೂತದ್ದೇ ಇದಕ್ಕೋಸ್ಕರ.

ಮೊದಲ ಉತ್ತರ: ‘ಸರ್, ನಿಮ್ಮ ಸ್ಪೀಡ್ ಜಾಸ್ತಿ ಆಗಿದೆ.’ ಆರ್‌ಪಿಎಂ ಎಷ್ಟು ಅಂತ ಕೇಳಲೂ ಇಲ್ಲ. ನಾನೇ ಲೆಕ್ಕ ಹಾಕಿ ಕಳಿಸಿದೆ, ರಾಡಿನ ಮೈಯ ವೇಗ ನಿಮಿಷಕ್ಕೆ ಸುಮಾರು 94 ಮೀಟರ್ ಬರುತ್ತದೆ, ಸ್ಟೀಲಿಗೆ ಕೋಟಿಂಗ್ ಇರುವ ಕಾರ್ಬೈಡಿಗೆ ಇದು ಜಾಸ್ತಿಯೇನಲ್ಲ ಅಂತ. ಎರಡು ದಿನ ಬಿಟ್ಟು ಎರಡನೇ ಉತ್ತರ: ‘ಸರ್, ಸ್ಪೀಡ್ ಕಡಿಮೆ ಆಯಿತು. ಕಾರ್ಬೈಡಿಗೆ ಸ್ಪೀಡ್ ಬೇಕು.’ ಜಾಸ್ತಿಯೋ ಕಡಿಮೆಯೋ, ಒಂದು ತೀರ್ಮಾನ ಮಾಡಿ ಹೇಳ್ರಪ್ಪಾ!

ರೇಡಿಯಸ್ ಫೋಟೋ ಕಳಿಸಿದೆ. ಗೇಜ್ ಪಕ್ಕದಲ್ಲಿ ಇಟ್ಟು, ಬೆಳಕು ಬಿಟ್ಟು, ನಾಲ್ಕು ಫೋಟೋ. ಉತ್ತರ: ‘ಸರ್, ಇದು ಎಂ ಕ್ಲಾಸ್. ಟಾಲರೆನ್ಸ್ ಇರುತ್ತದೆ.’ ಇಲ್ಲೇ ನನ್ನ ತಾಳ್ಮೆ ಹೋಯಿತು. ಸಿಸಿಎಂಟಿಯಲ್ಲಿ ಎಂ ಅಂದರೆ ಟಾಲರೆನ್ಸ್, ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ, ನಿಜ. ಈ ಸೈಜಿಗೆ ಒಳವೃತ್ತ, ಅಂದರೆ ಇನ್ಸರ್ಟಿನ ಒಳಗೆ ಕೂರುವ ವೃತ್ತದ ಅಡ್ಡಳತೆ, 6.35 ಮಿಲಿಮೀಟರ್, ಅದರಲ್ಲಿ 0.05 ಹೆಚ್ಚುಕಡಿಮೆ ಆಗಬಹುದು. ಇನ್ಸರ್ಟ್ ಬದಲಾಯಿಸಿದಾಗ ಡಯಾಮೀಟರ್ ಸ್ವಲ್ಪ ಆಚೀಚೆ ಆದರೆ ನಾನು ದೂರುವುದಿಲ್ಲ, ಮತ್ತೆ ಅಳೆದುಕೊಂಡರೆ ಆಯಿತು. ಆದರೆ 0.4 ಇರಬೇಕಾದ್ದು 0.8 ಆಗುವುದು ಯಾವ ಊರಿನ ಟಾಲರೆನ್ಸ್? ಅದು ಬೇರೆ ಇನ್ಸರ್ಟ್. ಹಾಗಂತ ಬರೆದೆ. ಅದಕ್ಕೆ ಬಂದ ಉತ್ತರ ಓದಿ: ‘ಸರ್, ದೊಡ್ಡ ರೇಡಿಯಸ್ಸಿನಲ್ಲಿ ಫಿನಿಶ್ ಇನ್ನೂ ಚೆನ್ನಾಗಿ ಬರುತ್ತದೆ. ನಿಮಗೆ ಲಾಭವೇ.’

ಲಾಭ! ಪುಸ್ತಕದ ಲೆಕ್ಕದಲ್ಲಿ ಸರಿ, ಅದೇ ಫೀಡಿಗೆ (ಒಂದು ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ) ರೇಡಿಯಸ್ ದೊಡ್ಡದಾದರೆ ಮೈ ನುಣುಪಾಗುತ್ತದೆ. ಲೇತ್ ನಡುಗದಿದ್ದರೆ. ನಾನು ಕಳಿಸಿದ ವಿಡಿಯೋದಲ್ಲಿ ಪಕ್ಕದ ಮನೆಯವರಿಗೆ ಕೇಳುವಷ್ಟು ಕಿರುಚಾಟ ಇದೆ, ಅದನ್ನು ನೋಡಿ ಲಾಭ ಅನ್ನುತ್ತಾರೆ.

ಆಮೇಲೆ ‘ನೂರಕ್ಕೆ ನೂರು ಕಾರ್ಬೈಡ್, ಬೇಕಾದರೆ ಟೆಸ್ಟ್ ಮಾಡಿ’ ಅಂದರು. ಮಾಡಿದೆ. ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಇನ್ಸರ್ಟುಗಳನ್ನು ದಾರಕ್ಕೆ ಪೋಣಿಸಿ ತಳ ಮುಟ್ಟದ ಹಾಗೆ ಮುಳುಗಿಸಿದರೆ ತೋರಿಸುವ ಗ್ರಾಮೇ ಮಿಲಿಲೀಟರಿನಲ್ಲಿ ಅವುಗಳ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದೆ. ಸಾಂದ್ರತೆ 14ರ ಮೇಲೆ ಬಂತು. ಸಾಮಾನ್ಯ ಸ್ಟೀಲ್ ಆಗಿದ್ದರೆ 8 ಕೂಡ ದಾಟುತ್ತಿರಲಿಲ್ಲ. ಹಾಗಾಗಿ ಕಾರ್ಬೈಡ್ ಹೌದು, ಆ ಮಟ್ಟಿಗೆ ಅವರು ಸುಳ್ಳು ಹೇಳಿಲ್ಲ. ಆದರೆ ಕಾರ್ಬೈಡ್ ಆದ ಮಾತ್ರಕ್ಕೆ ಒಳ್ಳೆ ಇನ್ಸರ್ಟ್ ಆಗುತ್ತದೆಯೇ? ಪುಡಿ ಒತ್ತಿದ್ದು ಹೇಗೆ, ಸುಟ್ಟದ್ದು ಹೇಗೆ, ಅಂಚು ನೋಡಿದ್ದಾರಾ ಇಲ್ಲವಾ, ಅದ್ಯಾವುದೂ ತೂಕದಲ್ಲಿ ಸಿಗುವುದಿಲ್ಲ. ಅಂದ ಹಾಗೆ, ಮ್ಯಾಗ್ನೆಟ್ ಅಂಟಿದರೆ ನಕಲಿ ಅಂತ ಕೆಲವರು ಹೇಳುತ್ತಾರೆ. ನಾನೂ ನಂಬಿದ್ದೆ. ಒಳಗೆ ಕೋಬಾಲ್ಟ್ ಇರುವುದರಿಂದ ಅಸಲಿಯೂ ಅಂಟುತ್ತದೆ. ಆ ಟೆಸ್ಟ್ ಬಿಟ್ಟುಬಿಡಿ. ಬಂಗಾರದ ಬಣ್ಣಕ್ಕೂ ಬೆಲೆ ಕೊಡಬೇಡಿ, ಬಣ್ಣ ಬಳಿಯುವುದು ಅಂಚು ಕೂರಿಸುವಷ್ಟು ಕಷ್ಟ ಅಲ್ಲ.

ಕೊನೆಯ ಉತ್ತರ ಎಲ್ಲಕ್ಕಿಂತ ಚೆನ್ನಾಗಿದೆ. ಡಬ್ಬಿ ತೆರೆದಿದ್ದರಿಂದ ವಾಪಸ್ ಇಲ್ಲವಂತೆ. ತೆರೆಯದೆ ಗೊತ್ತಾಗುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಬದಲಿಗೆ, ನಾನು ಈಗ ಕೊಟ್ಟಿರುವ ಒಂದು ಸ್ಟಾರನ್ನು ಮತ್ತೆ ಐದು ಮಾಡಿದರೆ ಅರ್ಧ ದುಡ್ಡು ಕೊಡುತ್ತಾರಂತೆ. ಬೇಡ ಅಂದೆ. ಆ ದುಡ್ಡು ಹೋದದ್ದಕ್ಕಿಂತ ಆ ಮಾತಿಗೇ ಸಿಟ್ಟು ಬಂದದ್ದು.

ಅಗ್ಗದ್ದು ಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ, ಮೊದಲನೇ ಡಬ್ಬಿ ಚೆನ್ನಾಗಿತ್ತಲ್ಲ. ಆದರೆ ಒಂದು ಡಬ್ಬಿ ಚೆನ್ನಾಗಿದ್ದರೆ ಅದು ಆ ಡಬ್ಬಿಯ ಮಾತು ಅಷ್ಟೇ. ಬಂದ ದಿನವೇ ಹತ್ತನ್ನೂ ಭೂತಗನ್ನಡಿಯಲ್ಲಿ ನೋಡಿ, ಹತ್ತನ್ನೂ ಗಾಜಿನ ಮೇಲೆ ಅಲ್ಲಾಡಿಸಿ, ಮೂತಿ ಅಳೆಯಿರಿ, ವಾಪಸ್ಸಿನ ದಿನ ಮುಗಿಯುವ ಮೊದಲೇ. ಡಬ್ಬಿ ತೆರೆಯುವುದರ ವಿಡಿಯೋ ಇರಲಿ. ಚೆನ್ನಾಗಿ ಕೆಲಸ ಮಾಡಿದ ಒಂದು ಇನ್ಸರ್ಟನ್ನು ಹೋಲಿಸಿ ನೋಡೋಕೆ ಅಂತ ಎತ್ತಿಡಿ, ಲೇತ್ ಬಿಚ್ಚುವ ಮೊದಲು ಅದನ್ನು ಹಾಕಿ ನೋಡಿ. ತೆಳು ಕಟ್ ಜಾಸ್ತಿ ಕೊಡುವವರಾದರೆ ಅಲ್ಯೂಮಿನಿಯಂಗೆ ಅಂತ ಬರುವ ಅಂಚು ಸಾಣೆ ಹಿಡಿದ ಸಿಸಿಜಿಟಿ ಚಿಕ್ಕ ಲೇತಿಗೆ ಒಗ್ಗುತ್ತದೆ, ಸ್ಟೀಲಿನಲ್ಲಿ ಬೇಗ ಸವೆಯುತ್ತದೆ, ಅದಕ್ಕೆ ಸಿದ್ಧರಿರಿ.

ಅಂಗಡಿ ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಒಂದೇ ತಿಂಗಳಲ್ಲಿ ಅವರು ಎರಡು ಸಲ ಹೆಸರು ಬದಲಾಯಿಸಿದ್ದಾರೆ, ಹೇಳಿ ಏನು ಉಪಯೋಗ? ಬೇರೆ ಗುರುತು ಕೊಡುತ್ತೇನೆ. ನಾನು ಹಿಂದೆ ಖುಷಿಯಲ್ಲಿ ಹಾಕಿದ ಫೋಟೋವನ್ನೇ ಅವರು ಈಗ ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದಾರೆ. ಅಂಗೈಯಲ್ಲಿ 6, 9ರ ಹಾಗೆ ಸುತ್ತಿದ ಚಿಪ್ಪು, ಹೆಬ್ಬೆರಳಿಗೆ ನೀಲಿ ಟೇಪಿನ ಪಟ್ಟಿ. ಆ ಫೋಟೋ ಎಲ್ಲಿ ಕಂಡರೂ ಕೊಳ್ಳಬೇಡಿ. ಆ ಹೆಬ್ಬೆರಳು ನನ್ನದು.