ಗಾಳಿ ತುಂಬುವ ಕಯಾಕ್: ಗುಬ್ಬಿಯ ಕೃಷಿ ಹೊಂಡದಿಂದ ಹವಳದ ದಿಬ್ಬದ ತನಕ

ಇಬ್ಬರು ಕೂರುವ ಈ ಕಯಾಕ್ ದೋಣಿ ಕೊಂಡು 14 ತಿಂಗಳಾಯಿತು. 31 ಸಾವಿರ ಕೊಟ್ಟೆ. ಒಂದೇ ಆಸೆ ಇತ್ತು: ದಡದಿಂದ ನಾವೇ ಹುಟ್ಟು ಹಾಕಿಕೊಂಡು ಹವಳದ ದಿಬ್ಬಕ್ಕೆ ಹೋಗಿ ಅಲ್ಲಿ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಮುಳುಗಬೇಕು.

ನೇತ್ರಾಣಿ ದ್ವೀಪಕ್ಕೆ ಇದು ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮುರ್ಡೇಶ್ವರದಿಂದ ಅದು ಸುಮಾರು 19 ಕಿ.ಮೀ. ತೆರೆದ ಸಮುದ್ರ, ಮೋಟಾರ್ ಬೋಟೇ ಸರಿ. ನಾವು ಒಯ್ದದ್ದು ಅಂಡಮಾನಿನ ನೀಲ್ ದ್ವೀಪಕ್ಕೆ. 2018ರಿಂದ ಅದು ಶಹೀದ್ ದ್ವೀಪ. ಅಲ್ಲಿ ಹವಳ ದಡಕ್ಕೆ ತೀರಾ ಹತ್ತಿರ.

ಮೊದಲ ದಿನ ಅಲ್ಲಿನ ಡೈವ್ ಗೈಡ್ ಜೊತೆ ಈಜಿಕೊಂಡೇ ಹೋದೆ. ಬೆನ್ನಿಗೆ ಸಿಲಿಂಡರ್, ಜಾಕೆಟ್ ತುಂಬಾ ಗಾಳಿ. ಅಂಗಾತ ಮಲಗಿ ಫಿನ್ ಬಡಿಯುತ್ತಾ ಸುಮಾರು 250 ಮೀಟರ್. ನಾನು ತೋಟದ ಬಾವಿಯಲ್ಲಿ ಈಜು ಕಲಿತವಳು, ನೀರಿನ ಭಯ ಇಲ್ಲ. ಆದರೆ ಬಾವಿಯ ನೀರು ಎದುರು ಬಂದು ಹೊಡೆಯುವುದಿಲ್ಲ ಅಲ್ವಾ? ಅಲೆ ಮುಖದ ಮೇಲೇ ಒಡೆಯುತ್ತಿತ್ತು. ಗಾಬರಿಯಾಗಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಯಿಗಿಟ್ಟುಕೊಂಡೆ. ದಿಬ್ಬ ಸೇರುವಷ್ಟರಲ್ಲಿ ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದ್ದದ್ದು 160ಕ್ಕೆ ಇಳಿದಿತ್ತು. ಇನ್ನೂ ಮುಳುಗೇ ಇರಲಿಲ್ಲ.

ಮಾರನೇ ದಿನ ಸಿಲಿಂಡರ್, ಜಾಕೆಟ್ ಎರಡನ್ನೂ ಕಯಾಕಿನ ಮಧ್ಯೆ ಬಿಗಿದು ಕಟ್ಟಿದೆವು. ಹಿಂದೆ ನನ್ನ ತಮ್ಮ. ಗೈಡ್ ತನ್ನದೇ ಕಯಾಕಿನಲ್ಲಿ ಬಂದರು. ಎಂಟೇ ನಿಮಿಷಕ್ಕೆ ತಲುಪಿದೆವು. ಲಂಗರು ಹವಳದ ಮೇಲೆ ಬೀಳಬಾರದು. ಮರಳು ಕಾಣುವ ತನಕ ಕಾದು ಬಿಟ್ಟೆವು. ತುಂಬಿದ ಸಿಲಿಂಡರ್ 16–17 ಕೆ.ಜಿ. ಇರುತ್ತದೆ, ಕೂತಲ್ಲೇ ತೊಡಲು ಹೋದರೆ ಕಯಾಕ್ ಮಗುಚುತ್ತದೆ. ಜಾಕೆಟ್‌ಗೆ ಗಾಳಿ ತುಂಬಿ, ಹಗ್ಗ ಕಟ್ಟಿ ನೀರಿಗೆ ಬಿಟ್ಟು, ಆಮೇಲೆ ನಾನು ಇಳಿದು ನೀರಲ್ಲೇ ತೊಟ್ಟುಕೊಂಡೆ. ತಮ್ಮ ಡೈವ್ ಬಾವುಟ ಕಟ್ಟಿಕೊಂಡು ಮೇಲೆಯೇ ಕೂತಿದ್ದ. ಮುಳುಗುವಾಗ 195 ಬಾರ್! ಒಂಬತ್ತು ಮೀಟರ್ ಆಳದಲ್ಲಿ, ನನ್ನ ನೆರಳು ಬಿದ್ದ ಕೂಡಲೇ, ಮೊರದಷ್ಟು ಅಗಲದ ಕಪ್ಪೆಚಿಪ್ಪೊಂದು ತನ್ನ ನೀಲಿ ತುಟಿ ಒಳಗೆಳೆದುಕೊಂಡಿತು. ಆ ಉಳಿದ ಗಾಳಿ ಇಲ್ಲದಿದ್ದರೆ ಅದು ಮತ್ತೆ ಬಾಯಿ ತೆರೆಯುವ ತನಕ ಕಾಯಲು ಆಗುತ್ತಿರಲಿಲ್ಲ.

ವಾಪಸ್ ಬರುವಾಗ ದಡದ ಕಡೆಯಿಂದ ಗಾಳಿ ಎದ್ದಿತು. ಈ ಕಯಾಕ್ ಹಗುರ, ನೀರಿನ ಮೇಲೆ ಎಲೆಯ ಹಾಗೆ ತೇಲುತ್ತದೆ. ಮೂತಿ ತಾನೇ ತಿರುಗುತ್ತಿತ್ತು. "ಅಕ್ಕಾ, ಹಿಂದೆ ನೋಡಬೇಡ, ಹುಟ್ಟು ಹಾಕು" ಅಂದ ತಮ್ಮ. ಹೋಗುವಾಗ ಎಂಟು ನಿಮಿಷ, ಬರುವಾಗ ಇಪ್ಪತ್ತೈದು. ನೀರು ಇಳಿದರೆ ದಡದ ಹತ್ತಿರ ಹವಳವೇ ಮೇಲೆ ಕಾಣುವ ಜಾಗ ಅದು, ಹತ್ತಲು ದಾರಿ ಇರುವುದಿಲ್ಲ. ಇಳಿತಕ್ಕೆ ಮೊದಲೇ ಸೇರಿದೆವು. ಮೂತಿ ತಿರುಗದಂತೆ ತಳಕ್ಕೆ ಸಿಕ್ಕಿಸುವ ರೆಕ್ಕೆ ಇದರ ಜೊತೆ ಬರುವುದಿಲ್ಲ, ಅದು ದೊಡ್ಡ ಕೊರತೆ. ರೆಕ್ಕೆ ಇರುವುದನ್ನೇ ಕೊಳ್ಳಿ. ಬೆಳಗಿನ ಗಾಳಿ ಎತ್ತ ಬೀಸುತ್ತಿದೆ ನೋಡದೆ ದಡ ಬಿಡಬೇಡಿ.

ಇನ್ನೊಂದು ದೋಷ. ಊರಿಗೆ ಬಂದ ಮೇಲೆ ಒಂದು ಕಡೆ ಮೆತ್ತಗಾಗತೊಡಗಿತು. ಸೋಪಿನ ನೀರು ಹಚ್ಚಿದರೆ ವಾಲ್ವ್ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಮಾರಿದವರಿಗೆ ಮೂರು ಸಲ ಫೋಟೋ ಕಳಿಸಿದೆ, ಉತ್ತರವಿಲ್ಲ. ಬೇಜಾರಾಯಿತು. ಬಿ.ಎಚ್. ರಸ್ತೆಯ ಪಂಚರ್ ಅಂಗಡಿಯ ಅಣ್ಣ ಮುಟ್ಟಿ ನೋಡಿ, "ಟ್ಯೂಬ್ ಸಲ್ಯೂಷನ್ ಇದಕ್ಕೆ ಹಿಡಿಯಲ್ಲ ಅಕ್ಕ, ಇದು ಪಿವಿಸಿ" ಅಂದರು. ಅವರ ಮಾತು ಕೇಳಿ ಪಿವಿಸಿ ಗಮ್ ತಂದೆ. ಎರಡೂ ಕಡೆ ಹಚ್ಚಿ, ತೇಪೆ ಒತ್ತಿ, ಒಂದು ದಿನ ಒಣಗಿಸಿದೆ. ಇವತ್ತಿಗೂ ಬಿಟ್ಟಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ತುಮಕೂರು ಕಡೆಯವರು ಕೊಳ್ಳುವ ಮುಂಚೆ ಕೂತು ನೋಡಬೇಕೆಂದರೆ ಭಾನುವಾರ ಬೆಳಿಗ್ಗೆ ನಮ್ಮ ಕೃಷಿ ಹೊಂಡದಲ್ಲಿ ಇಳಿಸುತ್ತೇವೆ, ಬನ್ನಿ. ಹೊಂಡದ ಪ್ಲಾಸ್ಟಿಕ್ ಹಾಳೆ ತುಂಬಾ ಜಾರುತ್ತದೆ. ಹತ್ತಲು ಹಗ್ಗ ಕಟ್ಟಿದ್ದೇವೆ, ಲೈಫ್ ಜಾಕೆಟ್ ನೀವು ತನ್ನಿ.